ಉನ್ನತ ಮಟ್ಟದ ವಿಕಿರಣಶೀಲ ತ್ಯಾಜ್ಯದ ಸಾಗಣೆ

ಪರಮಾಣು ರಿಯಾಕ್ಟರುಗಳಲ್ಲಿ ಉರಿದು ಹೊರಬಂದ ಇಂಧನವನ್ನು, ಅಥವಾ ಅದನ್ನು ಪುನಸ್ಸಂಸ್ಕರಿಸಿದ ಮೇಲೆ ಉಳಿಯುವ ತೀವ್ರ ವಿಕಿರಣಶೀಲ ಶೇಷವನ್ನು, ರಸ್ತೆ, ರೈಲು ಇಲ್ಲವೇ ಸಮುದ್ರಮಾರ್ಗವಾಗಿ ಒಂದು ನೆಲೆಯಿಂದ ಇನ್ನೊಂದಕ್ಕೆ ಒಯ್ಯುವ ಕಾರ್ಯವೇ ಉನ್ನತ ಮಟ್ಟದ ವಿಕಿರಣಶೀಲ ತ್ಯಾಜ್ಯದ ಸಾಗಣೆ. ಹೊಸ ಇಂಧನ, ಯುರೇನಿಯಂ ಅದಿರು, ಆಸ್ಪತ್ರೆಗಳ ವಿಕಿರಣ ಮೂಲಗಳು, ಸ್ಥಾವರದಲ್ಲಿ ಬಳಸಿ ಬಿಸಾಡಿದ ಕೈಗವಸು, ಬಟ್ಟೆ, ಸೋಸುಕಗಳಂಥ ಕೆಳಮಟ್ಟದ ತ್ಯಾಜ್ಯ ಇದರಲ್ಲಿ ಸೇರುವುದಿಲ್ಲ. ಫ್ರಾನ್ಸ್, ಭಾರತ ಮುಂತಾದ ದೇಶಗಳು ಬಳಸಿದ ಇಂಧನವನ್ನು ತ್ಯಾಜ್ಯವೆಂದು ಎಣಿಸದೆ ಸಂಪನ್ಮೂಲವೆಂದು ಲೆಕ್ಕ ಹಿಡಿಯುತ್ತವೆ. ಅಮೆರಿಕ, ಸ್ವೀಡನ್, ಫಿನ್ಲೆಂಡ್ ಅದನ್ನು ನೇರವಾಗಿ ಹೂಳಬೇಕಾದ ತ್ಯಾಜ್ಯವೆನ್ನುತ್ತವೆ. ದಾರಿಯ ಅಪಾಯದ ದೃಷ್ಟಿಯಿಂದ ಎರಡರ ನಡುವೆ ದೊಡ್ಡ ಭೇದವಿಲ್ಲದ ಕಾರಣ ಇಲ್ಲಿ ಎರಡನ್ನೂ ಒಟ್ಟಾಗಿ ಪರಿಗಣಿಸಲಾಗಿದೆ.

ಈ ಸಾಗಣೆಯ ಚರ್ಚೆ ಸಾಮಾನ್ಯವಾಗಿ ಒಂದೇ ಪ್ರಶ್ನೆಯ ಸುತ್ತ ನಡೆಯುತ್ತದೆ: ಅಪಘಾತವಾದರೆ ಪೆಟ್ಟಿಗೆ ಒಡೆಯುತ್ತದೆಯೇ? ಆರು ದಶಕಗಳ ದಾಖಲೆ, ಪರೀಕ್ಷೆ, ವಿವಾದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಸಿಕ್ಕಿದೆ. ಉಳಿದಿರುವ ಅಪಾಯವನ್ನು ನಿರ್ಧರಿಸುವ ಸಂಗತಿಗಳು ಬೇರೆ: ಸಾಗಿಸುವಾಗ ತ್ಯಾಜ್ಯಕ್ಕೆ ಎಷ್ಟು ವಯಸ್ಸಾಗಿದೆ, ಅದೇ ತ್ಯಾಜ್ಯ ಎಷ್ಟು ಸಲ ದಾರಿ ಹಿಡಿಯುತ್ತದೆ, ಪ್ರಯಾಣದ ಕೊನೆಯಲ್ಲಿ ಶಾಶ್ವತ ನೆಲೆ ಇದೆಯೇ.

ಉಗಮ

ಬಳಸಿದ ಇಂಧನವನ್ನು ಸ್ಥಾವರದಿಂದ ಹೊರಗೆ ಒಯ್ಯುವ ಅಗತ್ಯ ಹುಟ್ಟಿದ್ದು ಪುನಸ್ಸಂಸ್ಕರಣೆಯಿಂದ. ಪ್ಲುಟೋನಿಯಂ ಬೇರ್ಪಡಿಸುವ ರಾಸಾಯನಿಕ ಕಾರ್ಖಾನೆಗಳು ಕೆಲವೇ ಕಡೆ ಇದ್ದವು, ರಿಯಾಕ್ಟರುಗಳು ಚದುರಿದ್ದವು. ಅಮೆರಿಕದ ನೌಕಾಪಡೆ 1957ರಿಂದ ತನ್ನ ಜಲಾಂತರ್ಗಾಮಿಗಳ ಬಳಸಿದ ಇಂಧನವನ್ನು ರೈಲಿನಲ್ಲಿ ಐಡಾಹೊ ರಾಜ್ಯಕ್ಕೆ ಕಳುಹಿಸುತ್ತ ಬಂದಿದೆ. ಬ್ರಿಟನ್ನಿನಲ್ಲಿ ಮ್ಯಾಗ್ನಾಕ್ಸ್ ರಿಯಾಕ್ಟರುಗಳ ಇಂಧನ 1960ರ ದಶಕದ ಆರಂಭದಿಂದ ಸೆಲ್ಲಾಫೀಲ್ಡ್‌ಗೆ ರೈಲಿನಲ್ಲಿ ಸಾಗಿತು. ಫ್ರಾನ್ಸಿನ ಲಾ ಹೇಗ್ ಕಾರ್ಖಾನೆ ತನ್ನ ದೇಶದ್ದಲ್ಲದೆ ಜರ್ಮನಿ, ಜಪಾನ್, ಸ್ವಿಟ್ಜರ್ಲೆಂಡ್, ಬೆಲ್ಜಿಯಂಗಳ ಇಂಧನವನ್ನೂ ಸ್ವೀಕರಿಸಿತು. ಹೀಗೆ ಒಳಬಂದ ಇಂಧನದಿಂದ ಉಳಿದ ತ್ಯಾಜ್ಯ ಆಯಾ ದೇಶಕ್ಕೇ ಮರಳಬೇಕೆಂಬ ಷರತ್ತು ಒಪ್ಪಂದಗಳಲ್ಲಿ ಸೇರಿದಾಗ ಹಿಂಪ್ರಯಾಣವೂ ಆರಂಭವಾಯಿತು. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 1961ರಲ್ಲಿ ಸಾಗಣೆಯ ಮೊದಲ ಸುರಕ್ಷಾ ನಿಯಮಾವಳಿಯನ್ನು ಹೊರತಂದಿತು. ಅದರ ಈಗಿನ ರೂಪ 2018ರದ್ದು. ಬಹುಪಾಲು ದೇಶಗಳ ಕಾನೂನುಗಳು ಇದನ್ನೇ ಅನುಸರಿಸುತ್ತವೆ.

ಸಾಗುವ ವಸ್ತುವಿನ ಸ್ವರೂಪ

ರಿಯಾಕ್ಟರಿನಿಂದ ಹೊರಬಂದ ಇಂಧನ ನೋಟಕ್ಕೆ ಒಳಹೋದಾಗಿನಂತೆಯೇ ಇರುತ್ತದೆ: ಲೋಹದ ಕೊಳವೆಗಳೊಳಗೆ ಪಿಂಗಾಣಿಯಂಥ ಯುರೇನಿಯಂ ಆಕ್ಸೈಡ್ ಗುಳಿಗೆಗಳು. ಬದಲಾದದ್ದು ಒಳಗಿನ ದ್ರವ್ಯ. ವಿದಳನದಿಂದ ಹುಟ್ಟಿದ ಸೀಸಿಯಂ-137, ಸ್ಟ್ರಾನ್ಷಿಯಂ-90 ಮತ್ತು ಇತರ ಧಾತುಗಳು, ಜೊತೆಗೆ ಪ್ಲುಟೋನಿಯಂ, ಅಮೆರಿಸಿಯಂಗಳು ಅದರಲ್ಲಿ ಸೇರಿಕೊಂಡಿರುತ್ತವೆ. ಸಾಮಾನ್ಯ ಹಗುರಜಲ ರಿಯಾಕ್ಟರಿನ ಇಂಧನದ ಒಂದು ಕಟ್ಟು ಹೊರಬಂದು ಹತ್ತು ವರ್ಷ ಕಳೆದ ಮೇಲೂ, ರಕ್ಷಾಕವಚವಿಲ್ಲದೆ ಇದ್ದರೆ, ಅದರ ಮೈಮೇಲಿನ ವಿಕಿರಣ ಪ್ರಮಾಣ ಗಂಟೆಗೆ 100 ಸೀವರ್ಟ್ ಮೀರುತ್ತದೆ. ಮನುಷ್ಯನಿಗೆ ಒಮ್ಮೆಲೇ ತಗುಲಿದರೆ ಮಾರಕವಾಗುವ ಪ್ರಮಾಣ ಸುಮಾರು 5 ಸೀವರ್ಟ್. ಆದರೆ ಘನರೂಪದ ಈ ಗುಳಿಗೆಗಳು ಹರಿಯುವುದಿಲ್ಲ, ಸಿಡಿಯುವುದಿಲ್ಲ, ತಾವಾಗಿ ಹೊತ್ತಿಕೊಳ್ಳುವುದಿಲ್ಲ. ಪೆಟ್ಟಿಗೆ ಬಿರುಕು ಬಿಟ್ಟರೂ ಮೊದಲು ಹೊರಬರುವುದು ಕೊಳವೆಗಳೊಳಗಿನ ಅನಿಲ ಮತ್ತು ಕೊಳವೆಗಳ ಹೊರಮೈಗೆ ಅಂಟಿದ ಕಿಲುಬು. ಸೀಸಿಯಂ ಮಾತ್ರ ಇದಕ್ಕೆ ಅಪವಾದ. ಹೆಚ್ಚು ಕಾಯಿಸಿದರೆ ಅದು ಆವಿಯಾಗಿ ಹೊರಹೋಗಬಲ್ಲದು. ಢಿಕ್ಕಿಗಿಂತ ಬೆಂಕಿಗೆ ಪರಿಣತರು ಹೆಚ್ಚು ಅಂಜುವುದು ಇದೇ ಕಾರಣಕ್ಕೆ.

ಎರಡನೆಯ ರೂಪ ಗಾಜೀಕೃತ ತ್ಯಾಜ್ಯ. ಪುನಸ್ಸಂಸ್ಕರಣೆಯ ದ್ರವಶೇಷವನ್ನು ಬೋರೊಸಿಲಿಕೇಟ್ ಗಾಜಿನೊಡನೆ ಕರಗಿಸಿ ಉಕ್ಕಿನ ಡಬ್ಬಿಗಳಲ್ಲಿ ಎರೆಯಲಾಗುತ್ತದೆ. ಲಾ ಹೇಗ್‌ನ ಡಬ್ಬಿ 1.34 ಮೀಟರ್ ಎತ್ತರ, 43 ಸೆಂಟಿಮೀಟರ್ ವ್ಯಾಸ, ಒಳಗೆ ಸುಮಾರು 400 ಕಿಲೋ ಗಾಜು. ವಿಕಿರಣಶೀಲ ದ್ರವ್ಯವೆಲ್ಲ ಗಾಜಿನೊಳಗೇ ಬಂಧಿತವಾಗಿರುವುದರಿಂದ ದಾರಿಯಲ್ಲಿ ಇದು ಬಳಸಿದ ಇಂಧನಕ್ಕಿಂತ ಸ್ಥಿರ. ಬಿಸಿ ಮಾತ್ರ ಹೆಚ್ಚು. ಮೂರನೆಯ ರೂಪ, ದ್ರವ, ಸಾರ್ವಜನಿಕ ಮಾರ್ಗದಲ್ಲಿ ಅಪರೂಪ. ಕೆನಡಾದ ಚಾಕ್ ರಿವರ್‌ನಿಂದ ಅಮೆರಿಕದ ಸವಾನ್ನಾ ರಿವರ್‌ಗೆ 2017ರಲ್ಲಿ ಆರಂಭವಾದ ದ್ರವಯುರೇನಿಯಂ ಸಾಗಣೆ ಅಂಥದ್ದು, ಮತ್ತು ಅದಕ್ಕೆ ಬಂದ ವಿರೋಧದ ತಿರುಳೂ ದ್ರವವೆಂಬುದೇ ಆಗಿತ್ತು.

ಕಾಲ ಕಳೆದಂತೆ ಈ ವಸ್ತುಗಳು ತಣಿಯುತ್ತವೆ. ಹಗುರಜಲ ರಿಯಾಕ್ಟರಿನಿಂದ ಹೊರಬಂದ ಒಂದು ವರ್ಷಕ್ಕೆ ಒಂದು ಟನ್ ಇಂಧನ ಹೊರಸೂಸುವ ಶಾಖ ಸುಮಾರು 10 ಕಿಲೋವಾಟ್. ಹತ್ತು ವರ್ಷದ ಹೊತ್ತಿಗೆ ಅದು ಹತ್ತನೇ ಒಂದು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಆಮೇಲಿನ ಇಳಿಕೆಯನ್ನು ನಿಯಂತ್ರಿಸುವುದು ಮುಖ್ಯವಾಗಿ ಸೀಸಿಯಂ ಮತ್ತು ಸ್ಟ್ರಾನ್ಷಿಯಂ. ಎರಡರ ಅರ್ಧಾಯುಷ್ಯವೂ ಸುಮಾರು 30 ವರ್ಷ. ಅಂದರೆ 60 ವರ್ಷ ಕಾದರೆ ದಾರಿಯ ಅಪಾಯಕ್ಕೆ ಮುಖ್ಯ ಕಾರಣವಾದ ಈ ಎರಡು ಧಾತುಗಳಲ್ಲಿ ಉಳಿಯುವುದು ಕಾಲು ಪಾಲು.

ಕ್ಯಾಸ್ಕಿನ ರಚನೆ ಮತ್ತು ಪರೀಕ್ಷೆ

ಸಾಗಣೆಯ ಪೆಟ್ಟಿಗೆಗೆ ಕ್ಯಾಸ್ಕ್ ಎಂದು ಹೆಸರು. ಬ್ರಿಟನ್ನಿನಲ್ಲಿ ಫ್ಲಾಸ್ಕ್ ಎನ್ನುತ್ತಾರೆ. ಅದರ ಕೆಲಸ ನಾಲ್ಕು: ವಿಕಿರಣ ತಡೆಯುವುದು, ಒಳಗಿನದನ್ನು ಹೊರಬಿಡದಿರುವುದು, ಶಾಖವನ್ನು ಹೊರಹಾಕುವುದು, ಒಳಗೆ ಸರಣಿ ವಿದಳನ ಮರುಕಳಿಸದಂತೆ ಇಂಧನವನ್ನು ಅಂತರದಲ್ಲಿ ಹಿಡಿದಿಡುವುದು. ಲಾರಿಯಲ್ಲಿ ಹೋಗುವ ಕ್ಯಾಸ್ಕುಗಳ ತೂಕ ಸುಮಾರು 25 ಟನ್, ರೈಲಿನವು 100 ಟನ್ ಮೀರುತ್ತವೆ. ಜರ್ಮನಿಯಲ್ಲಿ ಬಳಕೆಯಲ್ಲಿರುವ ಕ್ಯಾಸ್ಟರ್ ಮಾದರಿ ಎರಕದ ಕಬ್ಬಿಣದ್ದು, ಗೋಡೆ 40 ಸೆಂಟಿಮೀಟರಿನಷ್ಟು ದಪ್ಪ. ಅದರಲ್ಲಿ 28 ಗಾಜಿನ ಡಬ್ಬಿಗಳನ್ನು ಒಯ್ಯುವ ಮಾದರಿ ತುಂಬಿದಾಗ ಸುಮಾರು 115 ಟನ್ ತೂಗುತ್ತದೆ. ಹೊರುವ ಸರಕಿಗಿಂತ ಹೊರುವ ಪೆಟ್ಟಿಗೆ ಹಲವು ಪಟ್ಟು ಭಾರ. ಬೇರೆ ಯಾವ ಅಪಾಯಕಾರಿ ಸರಕಿಗೂ, ಅದು ಕ್ಲೋರಿನ್ ಆಗಲಿ ಅಡುಗೆ ಅನಿಲವಾಗಲಿ, ಇಷ್ಟು ಗಟ್ಟಿಯಾದ ಹೊದಿಕೆಯನ್ನು ಯಾವ ದೇಶದ ಕಾನೂನೂ ಕೇಳುವುದಿಲ್ಲ.

ಅಂತರರಾಷ್ಟ್ರೀಯ ನಿಯಮದ ಪ್ರಕಾರ ಕ್ಯಾಸ್ಕ್ ವಿನ್ಯಾಸ ಒಂದರ ಹಿಂದೆ ಒಂದರಂತೆ ಹೊಡೆತಗಳನ್ನು ತಾಳಬೇಕು: 9 ಮೀಟರ್ ಎತ್ತರದಿಂದ ಸ್ವಲ್ಪವೂ ಬಗ್ಗದ ನೆಲದ ಮೇಲೆ ಬೀಳುವುದು; 1 ಮೀಟರ್ ಎತ್ತರದಿಂದ 15 ಸೆಂಟಿಮೀಟರ್ ವ್ಯಾಸದ ಉಕ್ಕಿನ ಗೂಟದ ಮೇಲೆ ಬೀಳುವುದು; 800 ಡಿಗ್ರಿ ಸೆಲ್ಸಿಯಸ್ ಬೆಂಕಿಯಲ್ಲಿ 30 ನಿಮಿಷ ಇರುವುದು. ನೀರಿನಲ್ಲಿ ಮುಳುಗಿಸುವ ಪರೀಕ್ಷೆಯೂ ಇದೆ. ಹೆಚ್ಚು ವಿಕಿರಣಶೀಲ ಸರಕಿನ ಕ್ಯಾಸ್ಕ್ 200 ಮೀಟರ್ ಆಳದ ನೀರಿನ ಒತ್ತಡವನ್ನು ಒಂದು ಗಂಟೆ ತಾಳಬೇಕು. 9 ಮೀಟರಿನಿಂದ ಬಿದ್ದ ವಸ್ತು ನೆಲ ಮುಟ್ಟುವ ವೇಗ ಗಂಟೆಗೆ 48 ಕಿಲೋಮೀಟರ್. ರೈಲುಗಳು ಇದಕ್ಕಿಂತ ವೇಗವಾಗಿ ಓಡುತ್ತವೆ, ಆದ್ದರಿಂದ ಪರೀಕ್ಷೆ ಸಾಲದು ಎಂಬ ಆಕ್ಷೇಪ ಆಗಾಗ ಕೇಳಿಬರುತ್ತದೆ. ಈ ಆಕ್ಷೇಪ ನಿಲ್ಲುವುದಿಲ್ಲ. ಬಗ್ಗದ ನೆಲ ಹೊಡೆತದ ಶಕ್ತಿಯಲ್ಲಿ ಒಂದಿಷ್ಟನ್ನೂ ತಾನು ಹೀರಿಕೊಳ್ಳುವುದಿಲ್ಲ. ಎಲ್ಲವನ್ನೂ ಕ್ಯಾಸ್ಕೇ ತಾಳಬೇಕು. ನಿಜವಾದ ಗೋಡೆ, ಸೇತುವೆ, ಮಣ್ಣು, ಎದುರು ಬಂದ ಎಂಜಿನ್ ಎಲ್ಲವೂ ಕುಸಿದು ಶಕ್ತಿಯನ್ನು ಹಂಚಿಕೊಳ್ಳುತ್ತವೆ. 1984ರ ಜುಲೈ 17ರಂದು ಬ್ರಿಟನ್ನಿನ ಓಲ್ಡ್ ಡಾಲ್ಬಿ ಪರೀಕ್ಷಾ ಹಳಿಯಲ್ಲಿ, ಹಳಿಗೆ ಅಡ್ಡವಾಗಿಟ್ಟ ಫ್ಲಾಸ್ಕಿಗೆ ಮೂರು ಬೋಗಿಗಳ ರೈಲನ್ನು ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಢಿಕ್ಕಿ ಹೊಡೆಸಿದಾಗ ಎಂಜಿನ್ ನುಚ್ಚುನೂರಾಯಿತು; ಫ್ಲಾಸ್ಕಿನ ಒಳಗಿನ ಒತ್ತಡ ಹೆಚ್ಚುಕಡಿಮೆ ಹಾಗೆಯೇ ಉಳಿಯಿತು. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯ 1970ರ ದಶಕದ ಉತ್ತರಾರ್ಧದಲ್ಲಿ ಲಾರಿ, ರೈಲು ಎಂಜಿನ್‌ಗಳನ್ನು ಬಳಸಿ ನಡೆಸಿದ ಪರೀಕ್ಷೆಗಳೂ ಇದನ್ನೇ ತೋರಿಸಿದವು. ಆದರೆ ಆ ಪರೀಕ್ಷೆಗಳಲ್ಲಿ ಬಳಸಿದವು ಹಳೆಯ ಮಾದರಿಗಳು. ಇಂದಿನ ಬಹುಪಾಲು ವಿನ್ಯಾಸಗಳಿಗೆ ಅನುಮೋದನೆ ಸಿಗುವುದು ಸಣ್ಣ ಪ್ರಮಾಣದ ಪ್ರತಿಕೃತಿಗಳ ಪರೀಕ್ಷೆ ಮತ್ತು ಗಣಕ ಲೆಕ್ಕಾಚಾರದಿಂದ. ಪೂರ್ಣಗಾತ್ರದ ಪರೀಕ್ಷೆ ಬೇಕೆಂಬ ಬೇಡಿಕೆಗೆ ಇಷ್ಟರ ಮಟ್ಟಿಗೆ ಆಧಾರವಿದೆ.

ಸಾಗಣೆಯ ವಿಧಗಳು

ರಸ್ತೆ ಎಲ್ಲ ಕಡೆ ತಲುಪುತ್ತದೆ, ಆದರೆ ಒಂದು ಲಾರಿ ಒಯ್ಯುವುದು ಅಲ್ಪ. ರೈಲು ಒಮ್ಮೆಗೆ ಹಲವು ಭಾರೀ ಕ್ಯಾಸ್ಕುಗಳನ್ನು ಹೊರುತ್ತದೆ. ಹೀಗಾಗಿ ಹಳಿ ಇರುವಲ್ಲೆಲ್ಲ ಅದಕ್ಕೇ ಆದ್ಯತೆ. ಸಮುದ್ರ ಸಾಗಣೆಯಲ್ಲಿ ಎರಡು ಮಾದರಿಗಳಿವೆ. ಸ್ವೀಡನ್ನಿನ ಪರಮಾಣು ಸ್ಥಾವರಗಳೆಲ್ಲ ಕರಾವಳಿಯಲ್ಲಿವೆ. ಅಲ್ಲಿನ ಇಂಧನ 1985ರಿಂದ ಒಸ್ಕರ್ಸ್‌ಹಾಮ್ನ್ ಬಳಿಯ ಕ್ಲಾಬ್ ಎಂಬ ಒಂದೇ ಶೇಖರಣಾ ನೆಲೆಗೆ, ಇದಕ್ಕೆಂದೇ ಕಟ್ಟಿದ ಹಡಗಿನಲ್ಲಿ ಹೋಗುತ್ತದೆ. ಮೊದಲು ಸಿಗಿನ್, 2014ರಿಂದ ಸಿಗ್ರಿಡ್. ಇನ್ನೊಂದು ಮಾದರಿ ಖಂಡಗಳನ್ನು ದಾಟುವಂಥದು. ಯೂರೋಪಿನಲ್ಲಿ ಪುನಸ್ಸಂಸ್ಕರಿಸಿದ ಜಪಾನಿನ ತ್ಯಾಜ್ಯದ ಮೊದಲ ಕಂತು, 28 ಡಬ್ಬಿ ಗಾಜು, 1995ರಲ್ಲಿ ಪೆಸಿಫಿಕ್ ಪಿಂಟೇಲ್ ಹಡಗಿನಲ್ಲಿ ಫ್ರಾನ್ಸಿನ ಶೆರ್ಬೂರ್ಗ್‌ನಿಂದ ಹೊರಟಿತು. ದಕ್ಷಿಣ ಅಮೆರಿಕದ ತುದಿ ಬಳಸಿ ಹೊರಟ ಆ ಹಡಗನ್ನು ಚಿಲಿ ದೇಶದ ನೌಕಾಪಡೆ ತನ್ನ ಆರ್ಥಿಕ ವಲಯದಿಂದ ಹೊರಗಟ್ಟಿತು. ಇಂಥ ಹಡಗುಗಳಿಗೆ ಒಡಲಿಗೆ ಹಾನಿಯಾದರೂ ತೇಲುವ ಸಾಮರ್ಥ್ಯ, ಹೆಚ್ಚುವರಿ ತಂಪು ವ್ಯವಸ್ಥೆ ಮೊದಲಾದವನ್ನು ವಿಧಿಸುವ ಅಂತರರಾಷ್ಟ್ರೀಯ ಸಂಹಿತೆ 1993ರಲ್ಲಿ ಐಚ್ಛಿಕವಾಗಿ ಬಂದು 2001ರ ಜನವರಿ 1ರಿಂದ ಕಡ್ಡಾಯವಾಯಿತು. 200 ಮೀಟರ್ ಆಳದ ಪರೀಕ್ಷೆ ಕರಾವಳಿಯ ತಗ್ಗು ಸಮುದ್ರಕ್ಕೆ ಹೊಂದುತ್ತದೆ. ಸಾವಿರಾರು ಮೀಟರ್ ಆಳದ ಮಹಾಸಾಗರದ ತಳಕ್ಕೆ ಅದು ಯಾವ ಭರವಸೆಯನ್ನೂ ಕೊಡುವುದಿಲ್ಲ.

ಅಪಾಯದ ಬಗೆಗಳು

ಅಪಘಾತವಿಲ್ಲದ ಪ್ರಯಾಣದಲ್ಲೂ ಕ್ಯಾಸ್ಕಿನಿಂದ ಒಂದಿಷ್ಟು ವಿಕಿರಣ ಹೊರಸೂಸುತ್ತದೆ. ವಾಹನದಿಂದ 2 ಮೀಟರ್ ದೂರದಲ್ಲಿ ಅದು ಗಂಟೆಗೆ 0.1 ಮಿಲಿಸೀವರ್ಟ್ ಮೀರಬಾರದೆಂಬುದು ನಿಯಮ. ದಾರಿಬದಿಯ ಮನೆಯವರಿಗೆ ಒಂದು ವಾಹನ ಹಾದುಹೋಗುವ ಕ್ಷಣಗಳಲ್ಲಿ ಬರುವ ಪಾಲು ನಗಣ್ಯ. ಚಾಲಕ, ಬೆಂಗಾವಲು ಪೊಲೀಸ್, ಕ್ಯಾಸ್ಕ್ ಏರಿಸಿ ಇಳಿಸುವ ಕಾರ್ಮಿಕ ಇವರ ಲೆಕ್ಕ ಬೇರೆ. ಅವರಿಗೆ ಪ್ರಯಾಣದಿಂದ ಪ್ರಯಾಣಕ್ಕೆ ಅದು ಕೂಡುತ್ತ ಹೋಗುತ್ತದೆ.

ನಿಯಮದ ಪರೀಕ್ಷೆಗಳ ಚೌಕಟ್ಟಿನಿಂದ ಹೊರಗೆ ಉಳಿಯುವ ಮುಖ್ಯ ಅಪಾಯ ದೀರ್ಘಕಾಲದ ಬೆಂಕಿ. 2001ರ ಜುಲೈ 18ರಂದು ಅಮೆರಿಕದ ಬಾಲ್ಟಿಮೋರ್ ನಗರದಡಿಯ ಹೊವರ್ಡ್ ಸ್ಟ್ರೀಟ್ ಸುರಂಗದಲ್ಲಿ ಸರಕು ರೈಲೊಂದು ಹಳಿ ತಪ್ಪಿ, ದಹನಶೀಲ ರಾಸಾಯನಿಕ ಹೊತ್ತಿ, ಸುರಂಗ ದಿನಗಟ್ಟಲೆ ಉರಿಯಿತು. ಆ ರೈಲಿನಲ್ಲಿ ಪರಮಾಣು ತ್ಯಾಜ್ಯ ಇರಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ಲೆಕ್ಕ ಹಾಕಿಸಿತು. ಇಂಧನವನ್ನು ಬೆಸುಗೆ ಹಾಕಿದ ಒಳಡಬ್ಬಿಯಲ್ಲಿಟ್ಟ ಕ್ಯಾಸ್ಕುಗಳಿಂದ ಏನೂ ಹೊರಬರುತ್ತಿರಲಿಲ್ಲ; ಒಳಡಬ್ಬಿ ಇಲ್ಲದ ವಿನ್ಯಾಸದಲ್ಲಿ ಮುಚ್ಚಳದ ಮುದ್ರೆ ಸೋತು ಅಲ್ಪ ಸೋರಿಕೆ ಸಾಧ್ಯವಿತ್ತು ಎಂಬುದು ಅದರ ತೀರ್ಮಾನ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿ 2006ರ ವರದಿಯಲ್ಲಿ, ಸುರಕ್ಷಿತ ಸಾಗಣೆಗೆ ಮೂಲಭೂತ ತಾಂತ್ರಿಕ ಅಡ್ಡಿಯಿಲ್ಲ ಎನ್ನುತ್ತಲೇ ದೀರ್ಘಕಾಲದ ತೀವ್ರ ಬೆಂಕಿಯ ಬಗ್ಗೆ ಇನ್ನಷ್ಟು ಅಧ್ಯಯನ ಬೇಕೆಂದಿತು. ಪರಿಹಾರ ಕೊನೆಗೆ ಲೋಹವಿಜ್ಞಾನದಿಂದ ಬರಲಿಲ್ಲ, ವೇಳಾಪಟ್ಟಿಯಿಂದ ಬಂತು: ಬಳಸಿದ ಇಂಧನದ ರೈಲು ಮತ್ತು ದಹನಶೀಲ ಸರಕಿನ ರೈಲು ಒಂದೇ ಸುರಂಗದಲ್ಲಿ ಎದುರುಬದುರಾಗಬಾರದೆಂಬ ನಿಯಮವನ್ನು ಅಲ್ಲಿನ ರೈಲ್ವೆ ಕಂಪನಿಗಳು ಒಪ್ಪಿಕೊಂಡವು.

ಎರಡನೆಯದು ಕ್ಯಾಸ್ಕನ್ನು ತುಂಬುವ ಕೈಗಳ ತಪ್ಪು. 1998ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಗಳಲ್ಲಿ, ಲಾ ಹೇಗ್ ಸಮೀಪದ ವಲೋನ್ಯ ರೈಲು ನಿಲ್ದಾಣಕ್ಕೆ ಬರುತ್ತಿದ್ದ ಕ್ಯಾಸ್ಕು ಮತ್ತು ವ್ಯಾಗನ್ನುಗಳ ಹೊರಮೈಯಲ್ಲಿ ಮಿತಿ ಮೀರಿದ ವಿಕಿರಣಶೀಲ ಕೊಳೆ ಇದ್ದದ್ದು ಬಹಿರಂಗವಾಯಿತು. ಚದರ ಸೆಂಟಿಮೀಟರಿಗೆ 4 ಬೆಕೆರಲ್ ಎಂಬ ಮಿತಿ ಹಲವು ಪ್ರಯಾಣಗಳಲ್ಲಿ ದಾಟಿತ್ತು. ಕೊಳದ ನೀರಿನೊಳಗೆ ಮುಳುಗಿಸಿ ತುಂಬುವಾಗ ಕ್ಯಾಸ್ಕಿನ ಸಂದುಗಳಲ್ಲಿ ಸೇರಿದ ಕೊಳೆ ದಾರಿಯಲ್ಲಿ ಹೊರಬರುತ್ತಿತ್ತು. ಯಾರ ಆರೋಗ್ಯಕ್ಕೂ ಅದರಿಂದ ಧಕ್ಕೆಯಾದ ದಾಖಲೆಯಿಲ್ಲ. ಆದರೆ ಉದ್ಯಮಕ್ಕೆ ವರ್ಷಗಳಿಂದ ಇದು ಗೊತ್ತಿದ್ದೂ ಸರ್ಕಾರಕ್ಕೆ ತಿಳಿಸಿರಲಿಲ್ಲ. ಆಗ ಪರಿಸರ ಸಚಿವೆಯಾಗಿದ್ದ ಆಂಗೆಲಾ ಮರ್ಕೆಲ್ ಜರ್ಮನಿಯಲ್ಲಿ ಸಾಗಣೆಯನ್ನು ತಡೆಹಿಡಿದರು. ಅಲ್ಲಿನ ಗೋರ್ಲೆಬೆನ್ ತಾತ್ಕಾಲಿಕ ಗೋದಾಮಿಗೆ ರೈಲುಗಳು ಮತ್ತೆ ಹೊರಟದ್ದು 2001ರಲ್ಲಿ. 9 ಮೀಟರಿನ ಪತನ ಪರೀಕ್ಷೆ ಈ ಬಗೆಯ ಲೋಪವನ್ನು ಹಿಡಿಯಲಾರದು. ಮುಚ್ಚಳದ ಬೋಲ್ಟ್ ಬಿಗಿಯದಿರುವುದು, ತಪ್ಪು ಇಂಧನ ತುಂಬುವುದು, ತೇವ ಉಳಿಯುವುದು ಇವೆಲ್ಲ ಪರೀಕ್ಷಿಸಿದ ವಿನ್ಯಾಸಕ್ಕೂ ಹೊರಟ ಪೆಟ್ಟಿಗೆಗೂ ನಡುವೆ ಬೀಳುವ ಅಂತರಗಳು.

ಮೂರನೆಯದು ಉದ್ದೇಶಪೂರ್ವಕ ದಾಳಿ. ರಕ್ಷಾಕವಚ ಭೇದಿಸುವ ಸಿಡಿತಲೆ ಕ್ಯಾಸ್ಕಿನ ಗೋಡೆಯನ್ನು ತೂತು ಮಾಡಬಲ್ಲದೆಂದು 1980ರ ದಶಕದ ಅಮೆರಿಕದ ಪ್ರಯೋಗಗಳು ತೋರಿಸಿವೆ. ಉಸಿರಿನೊಳಗೆ ಹೋಗುವಷ್ಟು ಸೂಕ್ಷ್ಮ ಧೂಳಾಗಿ ಹೊರಬಂದದ್ದು ಮಾತ್ರ ಇಂಧನದ ಅತ್ಯಲ್ಪ ಅಂಶ. ಅಪಘಾತದ ಸಂಭವವನ್ನು ಅಂಕಿಸಂಖ್ಯೆಯಿಂದ ಅಂದಾಜಿಸಬಹುದು, ದಾಳಿಯದನ್ನು ಹಾಗೆ ಅಂದಾಜಿಸಲಾಗದು. ಇದಕ್ಕೆ ಸರ್ಕಾರಗಳು ಕೊಡುವ ಉತ್ತರ ಗೋಪ್ಯತೆ. ದಾರಿ, ದಿನ, ಸಮಯಗಳನ್ನು ಮುಚ್ಚಿಟ್ಟರೆ ದಾಳಿಕೋರನ ಕೆಲಸ ಕಷ್ಟವಾಗುತ್ತದೆ ನಿಜ. ದಾರಿಯ ಊರುಗಳ ಅಗ್ನಿಶಾಮಕ ದಳ, ಆಸ್ಪತ್ರೆಗಳ ಸಿದ್ಧತೆಯೂ ಅಷ್ಟೇ ಕಷ್ಟವಾಗುತ್ತದೆ.

ಇಷ್ಟೆಲ್ಲ ಇದ್ದೂ ಈವರೆಗಿನ ದಾಖಲೆ ಉತ್ತಮವಾಗಿದೆ. 1971ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆನೆಸಿಯಲ್ಲಿ ಬಳಸಿದ ಇಂಧನದ ಲಾರಿ ಮಗುಚಿ ಕ್ಯಾಸ್ಕ್ ಕಂದಕಕ್ಕೆ ಉರುಳಿತು. ಚಾಲಕ ಸತ್ತ, ಕ್ಯಾಸ್ಕ್ ಸೋರಲಿಲ್ಲ. 1997ರ ಫೆಬ್ರವರಿಯಲ್ಲಿ ಫ್ರಾನ್ಸ್–ಜರ್ಮನಿ ಗಡಿಯ ಅಪಾಕ್ ಬಳಿ ಬಳಸಿದ ಇಂಧನದ ರೈಲು ಹಳಿ ತಪ್ಪಿದಾಗಲೂ ಸೋರಿಕೆಯಾಗಲಿಲ್ಲ. 2004ರ ನವೆಂಬರ್‌ನಲ್ಲಿ ಫ್ರಾನ್ಸಿನ ಲೊರೇನ್ ಪ್ರಾಂತ್ಯದಲ್ಲಿ ಪ್ರತಿಭಟನಾಕಾರ ಯುವಕನೊಬ್ಬ ತ್ಯಾಜ್ಯದ ರೈಲಿಗೆ ಸಿಕ್ಕಿ ಸತ್ತ. ಟೆನೆಸಿ ಮತ್ತು ಲೊರೇನ್‌ನ ಎರಡೂ ಸಾವುಗಳಿಗೆ ವಿಕಿರಣ ಕಾರಣವಲ್ಲ, ಪ್ರಯಾಣ ಕಾರಣ. ಭಾರವಾದ ವಾಹನಗಳು ದೂರ ಓಡಿದಷ್ಟೂ ಇಂಥ ಅಪಾಯ ಹೆಚ್ಚುತ್ತದೆ, ಒಳಗಿರುವುದು ಏನೇ ಆಗಿರಲಿ.

ಪ್ರಯಾಣಗಳ ಸಂಖ್ಯೆ

ಉತ್ತಮ ದಾಖಲೆಯನ್ನು ಭವಿಷ್ಯಕ್ಕೆ ನೇರವಾಗಿ ಅನ್ವಯಿಸುವುದರಲ್ಲಿ ಒಂದು ತೊಡಕಿದೆ. ಅಮೆರಿಕದಲ್ಲಿ ವಾಣಿಜ್ಯ ರಿಯಾಕ್ಟರುಗಳ ಬಳಸಿದ ಇಂಧನದ ಸಾಗಣೆಗಳು ಕೆಲವು ದಶಕಗಳಲ್ಲಿ ಸಾವಿರದ ಚಿಲ್ಲರೆ. ನೆವಾಡಾದ ಯುಕಾ ಪರ್ವತದಲ್ಲಿ ಭೂಗರ್ಭ ಭಂಡಾರ ಕಟ್ಟುವ ಯೋಜನೆಗಾಗಿ ಅಲ್ಲಿನ ಇಂಧನ ಇಲಾಖೆ 2002ರಲ್ಲಿ ಮಾಡಿದ ಲೆಕ್ಕದಂತೆ, ಬಹುಪಾಲು ರಸ್ತೆಯಲ್ಲೇ ಸಾಗಿಸಿದರೆ 24 ವರ್ಷಗಳಲ್ಲಿ ಸುಮಾರು 53,000 ಲಾರಿ ಪ್ರಯಾಣಗಳು ಬೇಕಿದ್ದವು. ರೈಲನ್ನು ಆರಿಸಿಕೊಂಡರೆ ಈ ಸಂಖ್ಯೆ ಐದನೇ ಒಂದು ಪಾಲಿನ ಸುತ್ತಮುತ್ತ ಇಳಿಯುತ್ತಿತ್ತು. ಕ್ಯಾಸ್ಕಿನ ಗೋಡೆಯನ್ನು ಇನ್ನಷ್ಟು ದಪ್ಪ ಮಾಡಿ ಇಷ್ಟು ದೊಡ್ಡ ಇಳಿಕೆ ಸಾಧಿಸಲಾಗದು. ಪರಮಾಣು ತ್ಯಾಜ್ಯ ಕಾನೂನಿನ 1987ರ ತಿದ್ದುಪಡಿಯಲ್ಲಿ ಸಂಸತ್ತು ಯುಕಾವೊಂದನ್ನೇ ಆರಿಸಿತ್ತು. ನೆವಾಡಾದ ವಿರೋಧದ ನಡುವೆ 2010ರ ಹೊತ್ತಿಗೆ ಯೋಜನೆಗೆ ಹಣ ನಿಂತಿತು. ಸುಮಾರು 90,000 ಟನ್ ಬಳಸಿದ ಇಂಧನ ಎಪ್ಪತ್ತಕ್ಕೂ ಹೆಚ್ಚು ಕಡೆ ಹಾಗೆಯೇ ಕುಳಿತಿದೆ.

ಪ್ರಯಾಣಗಳು ಹೇಗೆ ಬೆಳೆಯುತ್ತವೆ ಎಂಬುದಕ್ಕೆ ಜರ್ಮನಿಯ ಗೋರ್ಲೆಬೆನ್ ಅತ್ಯಂತ ಸ್ಪಷ್ಟ ನಿದರ್ಶನ. ಜರ್ಮನ್ ರಿಯಾಕ್ಟರುಗಳ ಇಂಧನ ಮೊದಲು ಫ್ರಾನ್ಸಿಗೆ ಹೋಯಿತು. ಅಲ್ಲಿ ಗಾಜಾಗಿ ಮರಳಿ 1996ರಿಂದ 2011ರವರೆಗೆ 12 ಸಾಗಣೆಗಳಲ್ಲಿ ಲೋವರ್ ಸ್ಯಾಕ್ಸನಿಯ ಗೋರ್ಲೆಬೆನ್ ತಾತ್ಕಾಲಿಕ ಗೋದಾಮಿಗೆ ಬಂತು. ಡಾನ್ನೆನ್‌ಬೆರ್ಗ್‌ನಲ್ಲಿ ರೈಲಿನಿಂದ ಇಳಿಸಿ ಕೊನೆಯ ಸುಮಾರು 20 ಕಿಲೋಮೀಟರನ್ನು ರಸ್ತೆಯಲ್ಲಿ ಕ್ರಮಿಸಬೇಕಿತ್ತು. ರೈತರು ಟ್ರ್ಯಾಕ್ಟರುಗಳನ್ನು ಅಡ್ಡ ನಿಲ್ಲಿಸಿದರು, ಜನ ಹಳಿಗಳಿಗೆ ತಮ್ಮನ್ನು ಸರಪಳಿಯಲ್ಲಿ ಕಟ್ಟಿಕೊಂಡರು. 2011ರ ಕೊನೆಯ ಸಾಗಣೆಗೆ ಐದು ದಿನಕ್ಕೂ ಹೆಚ್ಚು ಕಾಲ, ಸುಮಾರು 20 ಸಾವಿರ ಪೊಲೀಸರು ಬೇಕಾದರು. ಗೋದಾಮಿನಲ್ಲಿ 113 ಕ್ಯಾಸ್ಕುಗಳು ಸೇರಿದ್ದವು. ಪಕ್ಕದ ಉಪ್ಪಿನ ಗುಮ್ಮಟದಲ್ಲಿ ಶಾಶ್ವತ ಭಂಡಾರ ಆಗಬಹುದೆಂಬ ನಿರೀಕ್ಷೆಯಲ್ಲಿ ಅವು ಅಲ್ಲಿಗೆ ಬಂದಿದ್ದವು. 2020ರ ಸೆಪ್ಟೆಂಬರಿನಲ್ಲಿ ಭಂಡಾರದ ಜಾಗ ಹುಡುಕುವ ಸರ್ಕಾರಿ ಸಂಸ್ಥೆ ಭೂವೈಜ್ಞಾನಿಕ ಕಾರಣಗಳಿಂದ ಗೋರ್ಲೆಬೆನ್ ಅನ್ನು ಪಟ್ಟಿಯಿಂದಲೇ ಕೈಬಿಟ್ಟಿತು. ಒಂದೇ ತ್ಯಾಜ್ಯ ಹೀಗೆ ಹೋಗಿ, ಬಂದು, ಮೂರನೆಯ ಸಲ ಹೊರಡಬೇಕಾಗಿದೆ. ಪ್ರತಿಭಟನೆಯನ್ನು ಅಜ್ಞಾನವೆಂದು ತಳ್ಳಿಹಾಕುವವರು ಈ ಅಂಶವನ್ನು ಗಮನಿಸುವುದಿಲ್ಲ. ಕ್ಯಾಸ್ಕ್ ಸೋರುತ್ತದೆಂಬ ಭಯ ಉತ್ಪ್ರೇಕ್ಷಿತವೇ ಇರಬಹುದು. ಕ್ಯಾಸ್ಕ್ ತಪ್ಪು ಜಾಗಕ್ಕೆ ಬರುತ್ತಿದೆ ಎಂಬ ಸ್ಥಳೀಯರ ವಾದವನ್ನು ಭೂವಿಜ್ಞಾನವೇ ಕೊನೆಗೆ ಎತ್ತಿಹಿಡಿಯಿತು.

ಹಾಗಾದರೆ ಶಾಶ್ವತ ನೆಲೆ ಸಿದ್ಧವಾಗುವವರೆಗೆ ತ್ಯಾಜ್ಯವನ್ನು ಹುಟ್ಟಿದಲ್ಲೇ ಇಡುವುದು ಲೇಸೇ? ಇದಕ್ಕೆ ಎದುರಾಗುವ ಆಕ್ಷೇಪಗಳು ಬಲವಾದವು. ಸ್ಥಾವರಗಳು ಕಡಲತೀರ, ನದಿತೀರಗಳಲ್ಲಿವೆ. 2011ರಲ್ಲಿ ಫುಕುಶಿಮಾದ ನಾಲ್ಕನೇ ಘಟಕದ ಇಂಧನ ಕೊಳದ ಬಗ್ಗೆ ಜಗತ್ತೇ ಆತಂಕಪಟ್ಟಿತು. ಆದರೆ ಅದು ಕೊಳದ ಸಮಸ್ಯೆ. ಕೆಲವು ವರ್ಷ ತಣಿದ ಇಂಧನವನ್ನು ನೀರು, ವಿದ್ಯುತ್ತು ಬೇಡದ ಒಣ ಕ್ಯಾಸ್ಕುಗಳಿಗೆ ಅಲ್ಲಿಯೇ ವರ್ಗಾಯಿಸಬಹುದು. ಫುಕುಶಿಮಾದಲ್ಲೇ ಇದ್ದ ಒಣ ಕ್ಯಾಸ್ಕುಗಳು ಸುನಾಮಿಯ ನೀರು ನುಗ್ಗಿದರೂ ಕೆಡಲಿಲ್ಲ. ಎರಡನೆಯ ಆಕ್ಷೇಪ, ದಶಕಗಳಲ್ಲಿ ಇಂಧನದ ಕೊಳವೆಗಳ ಲೋಹ ಹೈಡ್ರೋಜನ್ನಿನಿಂದ ಪೆಡಸಾಗಿ, ಆಮೇಲಿನ ಸಾಗಣೆಯಲ್ಲಿ ಅಲುಗಾಟಕ್ಕೆ ಒಡೆಯಬಹುದು ಎಂಬುದು. ಇದು ನಿಜವಾದ ಮಿತಿ; ಕಾಯುವಿಕೆ ಅನಂತವಾಗಿರಲಾರದು. ಮೂರನೆಯದು, ವಿಕಿರಣ ಇಳಿದಷ್ಟೂ ಇಂಧನವನ್ನು ಕದಿಯುವುದು ಸುಲಭ ಎಂಬುದು. ಶತಮಾನಗಳ ಮಾತಿಗೆ ಇದು ಸರಿ, ಮೂರು–ನಾಲ್ಕು ದಶಕಗಳಲ್ಲಿ ಆ ವಿಕಿರಣ ಇನ್ನೂ ಮಾರಕವಾಗಿಯೇ ಇರುತ್ತದೆ. ಇವನ್ನು ತೂಗಿ ನೋಡಿದರೆ ಉಳಿಯುವ ತೀರ್ಮಾನ ಇಷ್ಟು: ಕೆಲವು ದಶಕ ತಣಿಸಿ ಒಮ್ಮೆ ಮಾತ್ರ ಸಾಗಿಸುವುದು, ಬಿಸಿಯಾಗಿರುವಾಗಲೇ ಹೊರಡಿಸಿ ಹಲವು ಸಲ ಸಾಗಿಸುವುದಕ್ಕಿಂತ ಕಡಿಮೆ ಅಪಾಯದ್ದು. ಮಧ್ಯಂತರ ಗೋದಾಮು ಈ ಲೆಕ್ಕದಲ್ಲಿ ಒಂದು ಹೆಚ್ಚುವರಿ ಪ್ರಯಾಣ. ಮುಚ್ಚಿಹೋದ ಸ್ಥಾವರದ ಜಾಗವನ್ನು ತೆರವು ಮಾಡುವಂಥ ಕಾರಣವಿದ್ದಾಗ ಮಾತ್ರ ಅದನ್ನು ಸಮರ್ಥಿಸಿಕೊಳ್ಳಬಹುದು. ರಷ್ಯಾದ ಆಂಡ್ರೇವಾ ಕೊಲ್ಲಿಯಲ್ಲಿ ಅಂಥ ಕಾರಣವಿತ್ತು. ಶಿಥಿಲವಾದ ಟ್ಯಾಂಕುಗಳಲ್ಲಿ ಕೊಳೆಯುತ್ತಿದ್ದ ಜಲಾಂತರ್ಗಾಮಿಗಳ ಇಂಧನವನ್ನು 2017ರ ಜೂನ್‌ನಿಂದ ಹಡಗಿನಲ್ಲಿ ಮುರ್ಮಾನ್‌ಸ್ಕ್‌ಗೆ, ಅಲ್ಲಿಂದ ರೈಲಿನಲ್ಲಿ ಮಯಾಕ್ ಪುನಸ್ಸಂಸ್ಕರಣ ಕಾರ್ಖಾನೆಗೆ ಒಯ್ಯಲಾಗುತ್ತಿದೆ. ಆ ಕೊಲ್ಲಿಯಲ್ಲಿ ಕಾಯುವುದೇ ಸಾಗಿಸುವುದಕ್ಕಿಂತ ಅಪಾಯಕಾರಿ.

ಇಂದಿನ ಸ್ಥಿತಿ

ಬ್ರಿಟನ್ನಿನಲ್ಲಿ ಪುನಸ್ಸಂಸ್ಕರಣೆ 2022ರಲ್ಲಿ ಕೊನೆಗೊಂಡಿತು. ಅಲ್ಲಿಂದ ಜರ್ಮನಿಗೆ ಮರಳಬೇಕಾದ ಗಾಜು 2020ರಲ್ಲಿ ಬಿಬ್ಲಿಸ್‌ಗೆ, 2025ರಲ್ಲಿ ಇಸಾರ್‌ಗೆ ಹೋಯಿತು. ಗೋರ್ಲೆಬೆನ್‌ಗೆ ಹೊಸ ಸಾಗಣೆಯನ್ನು 2013ರ ಕಾನೂನು ನಿಲ್ಲಿಸಿದ್ದರಿಂದ ಅವು ಹಳೆಯ ಸ್ಥಾವರಗಳ ಗೋದಾಮುಗಳಿಗೆ ಹಂಚಿಕೆಯಾದವು. ಫಿನ್ಲೆಂಡ್ ಓಲ್ಕಿಲುಒಟೊದಲ್ಲಿ ಓಂಕಾಲೊ ಭಂಡಾರ ಕಟ್ಟಿದೆ. ಓಲ್ಕಿಲುಒಟೊದ ಇಂಧನಕ್ಕೆ ಸಾರ್ವಜನಿಕ ರಸ್ತೆಯೇ ಬೇಡ. ಲೊವಿಸಾ ಸ್ಥಾವರದ್ದು ಮಾತ್ರ ದೇಶದೊಳಗೆ ಒಮ್ಮೆ ಪ್ರಯಾಣ ಮಾಡಬೇಕು. ಲೊವಿಸಾದ ಹಳೆಯ ಇಂಧನ 1996ರವರೆಗೆ ರಷ್ಯಾಕ್ಕೆ ಹೋಗುತ್ತಿತ್ತು. ಅದನ್ನು ನಿಲ್ಲಿಸಿದ್ದು 1994ರ ಕಾನೂನು ತಿದ್ದುಪಡಿ. ಸ್ವೀಡನ್ 2025ರ ಜನವರಿಯಲ್ಲಿ ಫೋರ್ಸ್‌ಮಾರ್ಕ್‌ನಲ್ಲಿ ಭಂಡಾರದ ಕಾಮಗಾರಿ ಆರಂಭಿಸಿತು. ಕೆನಡಾ 2024ರಲ್ಲಿ ಒಂಟಾರಿಯೊದ ಇಗ್ನಾಸ್ ಪ್ರದೇಶವನ್ನು ಆರಿಸಿಕೊಂಡಿದೆ. ದೇಶದ ದಕ್ಷಿಣದಿಂದ ಅಲ್ಲಿಗೆ ಲಕ್ಷಗಟ್ಟಲೆ ಇಂಧನ ಕಟ್ಟುಗಳನ್ನು ದಶಕಗಳ ಕಾಲ ಸಾಗಿಸಬೇಕಾಗುತ್ತದೆ.

ಭಾರತದಲ್ಲಿ

ಭಾರತ ಬಳಸಿದ ಇಂಧನವನ್ನು ಪುನಸ್ಸಂಸ್ಕರಿಸುವ ನೀತಿ ಅನುಸರಿಸುತ್ತದೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ ಪುನಸ್ಸಂಸ್ಕರಣ ಕಾರ್ಖಾನೆಗಳೂ ಅವುಗಳ ಪಕ್ಕದಲ್ಲೇ ಗಾಜೀಕರಣ ಘಟಕಗಳೂ ಇವೆ. ಎರಡನ್ನೂ ಒಂದೇ ಆವರಣದಲ್ಲಿಟ್ಟ ಈ ಕ್ರಮದಿಂದ ತೀವ್ರ ವಿಕಿರಣಶೀಲ ದ್ರವ ಸಾರ್ವಜನಿಕ ಮಾರ್ಗಕ್ಕೆ ಬರುವುದು ತಪ್ಪಿದೆ; ದಾರಿ ಹಿಡಿಯುವುದು ಬಳಸಿದ ಇಂಧನ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಕ್ಯಾಸ್ಕ್ ವಿನ್ಯಾಸಗಳಿಗೆ ಅನುಮೋದನೆ ಕೊಡುತ್ತದೆ. ಅದರ ಸಾಗಣೆ ಸಂಹಿತೆ ಅಂತರರಾಷ್ಟ್ರೀಯ ನಿಯಮಾವಳಿಯನ್ನೇ ಆಧರಿಸಿದೆ. ಭಾರತದ ಹೆಚ್ಚಿನ ರಿಯಾಕ್ಟರುಗಳು ಭಾರಜಲದವು. ಅವು ಸಹಜ ಯುರೇನಿಯಂ ಬಳಸುವುದರಿಂದ, ಅಷ್ಟೇ ವಿದ್ಯುತ್ತಿಗೆ ಹಗುರಜಲ ರಿಯಾಕ್ಟರಿಗಿಂತ ಸುಮಾರು ಆರು ಪಟ್ಟು ತೂಕದ ಇಂಧನ ಹೊರಬರುತ್ತದೆ. ಪ್ರತಿ ಟನ್ ಕಡಿಮೆ ಬಿಸಿ, ಆದರೆ ಟನ್ನುಗಳ ಲೆಕ್ಕ ಹೆಚ್ಚು.

ಕರ್ನಾಟಕದಲ್ಲಿ ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಭಾರಜಲ ಘಟಕಗಳಿವೆ. ತಲಾ 700 ಮೆಗಾವಾಟಿನ ಇನ್ನೆರಡಕ್ಕೆ ಮಂಜೂರಾತಿ ಸಿಕ್ಕಿದೆ. ಅಲ್ಲಿ ಪುನಸ್ಸಂಸ್ಕರಣ ಘಟಕವಿಲ್ಲ. ಆದ್ದರಿಂದ ಅಲ್ಲಿನ ಬಳಸಿದ ಇಂಧನ ಪುನಸ್ಸಂಸ್ಕರಣೆಗೆ ಹೋಗಬೇಕಾದರೆ ರಾಜ್ಯದ ಗಡಿ ದಾಟಲೇಬೇಕು. ಈ ಜಿಲ್ಲೆಯ ದಾರಿಗಳ ಅಪಾಯ ಅಂತರರಾಷ್ಟ್ರೀಯ ಪರೀಕ್ಷೆಗಳ ಪಟ್ಟಿಗೆ ಸರಿಯಾಗಿ ಹೊಂದುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಅಡುಗೆ ಅನಿಲದ ಟ್ಯಾಂಕರ್ ಗಂಗಾವಳಿ ನದಿಗೆ ಕೊಚ್ಚಿಹೋಯಿತು. ಅದೇ ಕುಸಿತದಲ್ಲಿ ಮುಳುಗಿದ ಲಾರಿಯೊಂದನ್ನು ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾಯಿತು. ಮರುತಿಂಗಳು ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. 9 ಮೀಟರಿನ ಪತನವನ್ನೂ ನೀರಿನ ಒತ್ತಡವನ್ನೂ ತಾಳಿದ ಕ್ಯಾಸ್ಕ್ ಇಂಥ ಘಟನೆಯಲ್ಲಿ ಒಡೆಯಲಾರದು. ಮಣ್ಣಿನಡಿ ವಾರಗಟ್ಟಲೆ ಹೂತುಹೋದರೆ ಮಾತ್ರ ಅದರ ಶಾಖ ಹೊರಹೋಗುವ ದಾರಿ ಮುಚ್ಚುತ್ತದೆ. ಅದರ ಭಾರ ಎತ್ತಬಲ್ಲ ಕ್ರೇನು ಅಂಥ ಜಾಗಕ್ಕೆ ಬೇಗ ತಲುಪುವುದೂ ಇಲ್ಲ. ಹಲವು ವರ್ಷ ತಣಿದ ಭಾರಜಲ ಇಂಧನಕ್ಕೆ ಈ ಅಪಾಯ ಚಿಕ್ಕದು, ಹೊಸದಾಗಿ ಹೊರಬಂದ ಇಂಧನಕ್ಕೆ ದೊಡ್ಡದು. ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಸಾಗಣೆಯನ್ನು ನಿಲ್ಲಿಸುವುದು ಯಾವ ಲೋಹಕವಚಕ್ಕಿಂತಲೂ ಅಗ್ಗದ ರಕ್ಷಣೆ.

ಶಾಶ್ವತ ಭಂಡಾರದ ವಿಚಾರದಲ್ಲೂ ಕರ್ನಾಟಕದ ಹೆಸರು ಬಂದಿದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ 1980ರ ದಶಕದಲ್ಲಿ ಕೋಲಾರ ಚಿನ್ನದ ಗಣಿಯ ಬಳಕೆಯಲ್ಲಿಲ್ಲದ ಭಾಗದಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ವಿದ್ಯುತ್ ಹೀಟರುಗಳನ್ನಿಟ್ಟು ಬಂಡೆ ಶಾಖಕ್ಕೆ ಹೇಗೆ ವರ್ತಿಸುತ್ತದೆಂದು ಅಳೆಯಿತು. ವಿಕಿರಣಶೀಲ ತ್ಯಾಜ್ಯ ಅಲ್ಲಿಗೆ ಹೋಗಿರಲಿಲ್ಲ. 2012ರ ನವೆಂಬರಿನಲ್ಲಿ ಕೂಡಂಕುಳಂ ಸ್ಥಾವರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಈ ಗಣಿಯ ಹೆಸರು ಪ್ರಸ್ತಾಪವಾದಾಗ ಕೆಜಿಎಫ್‌ನಲ್ಲಿ ಪ್ರತಿಭಟನೆಗಳಾದವು. ಅಲ್ಲಿ ತ್ಯಾಜ್ಯ ಹೂಳುವ ಯೋಜನೆಯಿಲ್ಲವೆಂದು ಕೇಂದ್ರ ಸರ್ಕಾರದ ಕಡೆಯಿಂದ ಸ್ಪಷ್ಟನೆ ಬಂತು. ಕೂಡಂಕುಳಂ ಒಪ್ಪಂದ 1988ರಲ್ಲಿ ಆದಾಗ ಬಳಸಿದ ಇಂಧನ ಸೋವಿಯತ್ ಒಕ್ಕೂಟಕ್ಕೆ ಮರಳಬೇಕಿತ್ತು. 1990ರ ದಶಕದ ಪರಿಷ್ಕರಣೆಯಲ್ಲಿ ಅದು ಭಾರತದಲ್ಲೇ ಉಳಿಯುವುದೆಂದಾಯಿತು. ಸಾಗರ ದಾಟುವ ಒಂದು ಪ್ರಯಾಣ ಅದರಿಂದ ತಪ್ಪಿತು. ದೇಶದೊಳಗಿನ ಪ್ರಯಾಣ ಎಲ್ಲಿಂದ ಎಲ್ಲಿಗೆ ಎಂಬುದು ಮಾತ್ರ, ಭಾರತ ಭೂಗರ್ಭ ಭಂಡಾರಕ್ಕೆ ಇನ್ನೂ ಜಾಗ ಆರಿಸದಿರುವುದರಿಂದ, ಪುನಸ್ಸಂಸ್ಕರಣೆಯ ಹಂತದವರೆಗೆ ಅಷ್ಟೇ ನಿಶ್ಚಿತವಾಗಿದೆ. ಗಾಜಿನ ಡಬ್ಬಿಗಳು ಸದ್ಯ ತಾರಾಪುರದಂಥ ಕಡೆ ಗಾಳಿಯಿಂದ ತಣಿಯುವ ಕೊಠಡಿಗಳಲ್ಲಿ ಇವೆ.